ಭಾರ ಹೊರುವಿಕೆ: ಸೊಂಟಕೀಲು ಮತ್ತು ತೊಡೆಸಂದಿಯ ಅತಿಶ್ರಮದ ಹಾನಿಗಳು

ಬಿದ್ದ, ಜಾರಿದ ಅಥವಾ ಪೆಟ್ಟು ತಿಂದ ಪ್ರಸಂಗವೇನೂ ಇಲ್ಲದೆ, ಭಾರ ಹೊತ್ತು ನಡೆಯುವ ಕೆಲಸದಲ್ಲಿ ಹೆಜ್ಜೆಹೆಜ್ಜೆಗೂ ಮರುಕಳಿಸುವ ಸಣ್ಣ ಒತ್ತಡಗಳು ಒಟ್ಟುಗೂಡಿ ಸೊಂಟಕೀಲು ಹಾಗೂ ತೊಡೆಸಂದಿಯ ಸ್ನಾಯು, ಸ್ನಾಯುರಜ್ಜು, ಮೂಳೆ, ಮೃದ್ವಸ್ಥಿ ಮತ್ತು ನರಗಳಲ್ಲಿ ಉಂಟುಮಾಡುವ ಕೆಡುಕುಗಳನ್ನು ಅತಿಶ್ರಮದ ಹಾನಿಗಳು ಎನ್ನಲಾಗುತ್ತದೆ. ದಂಡಯಾತ್ರೆಯ ಗಂಟು ಹೊತ್ತು ನಡೆಯುವ ಸೈನಿಕರು, ಕೃಷಿ ಮಾರುಕಟ್ಟೆಯ ಹಮಾಲರು, ಪರ್ವತಪ್ರದೇಶದ ಹೊರೆಯಾಳುಗಳು, ಕಟ್ಟಡ ಕೆಲಸಗಾರರು ಮತ್ತು ರೈತರು ಇವುಗಳಿಗೆ ಹೆಚ್ಚಾಗಿ ಗುರಿಯಾಗುವವರು. ಇವರಲ್ಲಿ ವ್ಯವಸ್ಥಿತವಾದ ಅಧ್ಯಯನಕ್ಕೆ ಒಳಗಾದವರು ಮುಖ್ಯವಾಗಿ ಸೈನಿಕರು ಮಾತ್ರ. ಆದ್ದರಿಂದ ಈ ವಿಷಯದ ಜ್ಞಾನದ ಬಹುಭಾಗ ಸೈನ್ಯದ ತರಬೇತಿ ಶಿಬಿರಗಳಿಂದಲೂ, ಉಳಿದದ್ದರ ಹೆಚ್ಚಿನ ಪಾಲು ಕ್ರೀಡಾವೈದ್ಯಶಾಸ್ತ್ರದಿಂದಲೂ ಬಂದಿದೆ.

ಕನ್ನಡದ ಆಡುಮಾತಿನಲ್ಲಿ ‘ಸೊಂಟ’ ಎಂಬ ಪದ ಬೆನ್ನಿನ ಕೆಳಭಾಗಕ್ಕೂ ನಡುವಿಗೂ ಚಪ್ಪೆಗೂ ಸಮನಾಗಿ ಸಲ್ಲುವುದರಿಂದ, ‘ಸೊಂಟನೋವು’ ಎಂಬ ದೂರು ವೈದ್ಯರ ಮುಂದೆ ಬಂದಾಗ ಅದು ಬೆನ್ನೆಲುಬಿನ ಕಡೆಯದೋ ಕೀಲಿನದೋ ಎಂಬುದು ಮಾತಿನಿಂದಷ್ಟೇ ತಿಳಿಯುವುದಿಲ್ಲ. ಸೊಂಟಕೀಲಿನ ಒಳಗಿನ ನೋವು ಸಾಮಾನ್ಯವಾಗಿ ಹಿಂದೆ ಅಲ್ಲ, ಮುಂದೆ, ಅಂದರೆ ಹೊಟ್ಟೆಯೂ ತೊಡೆಯೂ ಕೂಡುವ ಮಡಿಕೆಯಾದ ತೊಡೆಸಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಸಂಕೋಚದಿಂದ ಜನ ಹೇಳಿಕೊಳ್ಳಲು ಹಿಂಜರಿಯುವ ಜಾಗವೂ ಅದೇ ಆಗಿರುವುದು ರೋಗನಿರ್ಣಯ ತಡವಾಗುವುದಕ್ಕೆ ಸಣ್ಣ ಕಾರಣವೇನಲ್ಲ.

ರಚನೆ ಮತ್ತು ಬಲಗಳ ಲೆಕ್ಕ

ತೊಡೆಮೂಳೆಯ ಮೇಲ್ತುದಿಯಲ್ಲಿರುವ ಗುಂಡನೆಯ ತಲೆ ಶ್ರೋಣಿ ಎಲುಬಿನ ಬಟ್ಟಲಿನಂಥ ಕುಳಿಯೊಳಗೆ ಕೂತು ಸೊಂಟಕೀಲು ಆಗಿದೆ. ಕುಳಿಯ ಅಂಚಿಗೆ ಲೇಬ್ರಮ್ ಎಂಬ ನಾರುಮೃದ್ವಸ್ಥಿಯ ಉಂಗುರವಿದ್ದು, ಅದು ಬಟ್ಟಲನ್ನು ಆಳವಾಗಿಸಿ ಕೀಲಿನ ದ್ರವವನ್ನು ಒಳಗೇ ಹಿಡಿದಿಡುತ್ತದೆ. ಮೂಳೆಯ ತಲೆಗೂ ದಂಡಕ್ಕೂ ನಡುವೆ ಓರೆಯಾಗಿ ಚಾಚಿದ ಭಾಗವನ್ನು ತೊಡೆಮೂಳೆಯ ಕೊರಳು ಎನ್ನುತ್ತಾರೆ. ಕೀಲಿನ ಹೊರಪಕ್ಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಮೊದಲಾದ ಪೃಷ್ಠದ ಸ್ನಾಯುಗಳು, ಮುಂದೆ ತೊಡೆಯನ್ನು ಮೇಲೆತ್ತುವ ಇಲಿಯೋಸೋಯಸ್, ಒಳಪಕ್ಕದಲ್ಲಿ ತೊಡೆಯನ್ನು ನಡುಗೆರೆಯತ್ತ ಎಳೆಯುವ ಅಡಕ್ಟರ್ ಗುಂಪು ಇವೆ. ಅಡಕ್ಟರ್ ಸ್ನಾಯುಗಳು ಹುಟ್ಟುವುದು ಶ್ರೋಣಿಯ ಮುಂಭಾಗದ ಜಘನಾಸ್ಥಿಯಿಂದ; ಹೊಟ್ಟೆಯ ನೆಟ್ಟನೆಯ ಸ್ನಾಯುಗಳು ಬಂದು ಸೇರುವುದೂ ಅಲ್ಲಿಗೇ. ಮೇಲಿನಿಂದಲೂ ಕೆಳಗಿನಿಂದಲೂ ಎಳೆತಕ್ಕೆ ಸಿಕ್ಕಿದ ಈ ಎಲುಬಿನ ಸುತ್ತಲೇ ತೊಡೆಸಂದಿಯ ನೋವುಗಳಲ್ಲಿ ಬಹಳಷ್ಟು ಕೇಂದ್ರೀಕರಿಸಿವೆ.

ಹೊತ್ತ ಭಾರ ಎಷ್ಟೋ ಕೀಲಿನ ಮೇಲೆ ಬೀಳುವ ಬಲವೂ ಅಷ್ಟೇ ಎಂದುಕೊಳ್ಳುವುದು ತಪ್ಪು. ಜರ್ಮನಿಯ ಮೂಳೆವೈದ್ಯ ಫ್ರೀಡ್ರಿಶ್ ಪೌವೆಲ್ಸ್ 1935ರಲ್ಲಿ ತೊಡೆಮೂಳೆಯ ಕೊರಳಿನ ಮುರಿತವನ್ನು ಯಂತ್ರಶಾಸ್ತ್ರದ ಸಮಸ್ಯೆಯಾಗಿ ನೋಡಿದ ಗ್ರಂಥದಿಂದ ಈ ಕೀಲನ್ನು ತಕ್ಕಡಿಯಂತೆ ಅರ್ಥಮಾಡಿಕೊಳ್ಳುವ ಕ್ರಮ ನೆಲೆಗೊಂಡಿತು. ಒಂಟಿಕಾಲಿನಲ್ಲಿ ನಿಂತಾಗ, ಮತ್ತು ನಡಿಗೆಯೆಂದರೆ ಕಾಲು ಬದಲಿಸುತ್ತ ಒಂಟಿಕಾಲಿನಲ್ಲಿ ನಿಲ್ಲುವುದೇ, ದೇಹದ ತೂಕ ಕೀಲಿನಿಂದ ಒಳಬದಿಗೆ ಹತ್ತು ಸೆಂಟಿಮೀಟರಿನಷ್ಟು ದೂರದಲ್ಲಿ ಕೆಳಕ್ಕೆ ಜಗ್ಗುತ್ತಿದ್ದರೆ, ಶ್ರೋಣಿ ವಾಲದಂತೆ ಹಿಡಿಯುವ ಹೊರಪಕ್ಕದ ಸ್ನಾಯುಗಳಿಗೆ ಸಿಗುವ ಸನ್ನೆಯ ತೋಳು ಸುಮಾರು ಐದು ಸೆಂಟಿಮೀಟರು ಮಾತ್ರ. ಹೀಗಾಗಿ ಸ್ನಾಯುಗಳು ದೇಹತೂಕದ ಎರಡರಷ್ಟು ಬಲ ಹಾಕಬೇಕಾಗುತ್ತದೆ ಮತ್ತು ಈ ಎರಡೂ ಬಲಗಳ ಮೊತ್ತವನ್ನು ಕೀಲೇ ತಡೆದುಕೊಳ್ಳಬೇಕಾಗುತ್ತದೆ. ಬರ್ಲಿನ್ನಿನ ಗಿಯೋರ್ಗ್ ಬೆರ್ಗ್‌ಮಾನ್ ಮತ್ತು ಸಂಗಡಿಗರು ಅಳತೆಯಂತ್ರ ಅಳವಡಿಸಿದ ಕೃತಕ ಕೀಲುಗಳನ್ನು ರೋಗಿಗಳಿಗೆ ಹಾಕಿ 2001ರಲ್ಲಿ ಪ್ರಕಟಿಸಿದ ಫಲಿತಾಂಶಗಳ ಪ್ರಕಾರ ಈ ಬಲ ಸಮತಟ್ಟಿನ ನಡಿಗೆಯಲ್ಲಿ ದೇಹತೂಕದ ಸರಾಸರಿ 238%, ಮೆಟ್ಟಿಲು ಹತ್ತುವಾಗ 251%, ಇಳಿಯುವಾಗ 260%.

ಹೊರೆಯನ್ನು ಎಲ್ಲಿ ಹಿಡಿಯಲಾಗಿದೆ ಎಂಬುದರ ಪರಿಣಾಮ ಇನ್ನೂ ಹೆಚ್ಚಿನದು. ಎಡಗೈಯಲ್ಲಿ 10 ಕಿಲೊ ಚೀಲ ಹಿಡಿದು ಬಲಗಾಲಿನ ಮೇಲೆ, ದೇಹ ವಾಲದಂತೆ, ನಿಂತವನಲ್ಲಿ ಆ ಚೀಲ ಬಲಕೀಲಿನಿಂದ 35 ಸೆಂಟಿಮೀಟರಿನಷ್ಟು ದೂರದಲ್ಲಿರುತ್ತದೆ. ಅದನ್ನು ಸರಿದೂಗಿಸಲು ಬಲಪಕ್ಕದ ಸ್ನಾಯುಗಳು ಹೆಚ್ಚುವರಿಯಾಗಿ ಸುಮಾರು 70 ಕಿಲೊ ತೂಕಕ್ಕೆ ಸಮನಾದ ಬಲ ಹಾಕಬೇಕು, ಕೀಲಿನ ಮೇಲೆ ಬೀಳುವುದು 80 ಕಿಲೊ. ಅದೇ ಚೀಲ ಬಲಗೈಯಲ್ಲಿದ್ದರೆ ಕೀಲಿನ ಹೊರಬದಿಗೆ ತೂಗುವುದರಿಂದ ಆ ಹೆಜ್ಜೆಯಲ್ಲಿ ಸ್ನಾಯುಗಳ ಕೆಲಸ ಕಡಿಮೆಯೇ ಆಗುತ್ತದೆ. ಅಮೆರಿಕದ ಡೊನಾಲ್ಡ್ ನ್ಯೂಮನ್ 1980ರ ದಶಕದಲ್ಲಿ ಗ್ಲೂಟಿಯಸ್ ಮೀಡಿಯಸ್ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದು ತೋರಿಸಿದ್ದು ಇದನ್ನೇ. ಒಂದು ಕೀಲು ನೋಯುವವರು ಚೀಲವನ್ನು ನೋವಿರುವ ಕಡೆಯ ಕೈಯಲ್ಲಿ, ಊರುಗೋಲನ್ನು ಅದರ ಎದುರುಕಡೆಯ ಕೈಯಲ್ಲಿ ಹಿಡಿಯಬೇಕೆಂಬ, ಮೊದಲ ನೋಟಕ್ಕೆ ತಲೆಕೆಳಗಾಗಿ ತೋರುವ ಸಲಹೆಯ ಆಧಾರವೂ ಇದೇ. ನೀರಿನ ಕೊಡವನ್ನೋ ಮಗುವನ್ನೋ ಒಂದೇ ಪಕ್ಕದ ಸೊಂಟದ ಮೇಲೆ ಇಟ್ಟುಕೊಂಡು ನಡೆಯುವ ಹೆಂಗಸರಲ್ಲಿ ಭಾರ ಕೂತಿರುವ ಪಕ್ಕಕ್ಕಿಂತ ಅದರ ಎದುರುಪಕ್ಕದ ಕೀಲೇ ಹೆಚ್ಚು ದುಡಿಯುತ್ತದೆ. ತಲೆಯ ಮೇಲೆ ಸಿಂಬೆಯಿಟ್ಟು ಹೊರುವಾಗ, ಅಥವಾ ಕಾವಡಿಯ ಎರಡು ತುದಿಗೂ ಸಮನಾಗಿ ತೂಗಿಸಿದಾಗ, ಭಾರ ನಡುಗೆರೆಗೆ ಬಂದು ಈ ಏರುಪೇರು ತಪ್ಪುತ್ತದೆ. ಕತ್ತಿಗೂ ಹೆಗಲಿಗೂ ಬೀಳುವ ಶ್ರಮದ ಮಾತು ಬೇರೆ.

ಬೆನ್ನುಗಂಟಿನ ಸೊಂಟಪಟ್ಟಿಯ ಬಗ್ಗೆಯೂ ಇಂಥದೇ ಒಂದು ತಪ್ಪು ತಿಳುವಳಿಕೆ ಇದೆ. ಪಟ್ಟಿ ಬಿಗಿದಾಗ ಗಂಟಿನ ತೂಕದ ಸುಮಾರು 30% ಹೆಗಲನ್ನು ಬಿಟ್ಟು ಶ್ರೋಣಿಯ ಮೇಲೆ ಕೂರುವುದು ನಿಜ, ಆದರೆ ಹೆಗಲಿನ ಮೂಲಕ ಇಳಿದರೂ ನೇರವಾಗಿ ಶ್ರೋಣಿಯ ಮೇಲೆ ಕೂತರೂ ಆ ತೂಕ ನೆಲಕ್ಕೆ ತಲುಪಲು ಸೊಂಟಕೀಲನ್ನು ದಾಟಿಯೇ ಹೋಗಬೇಕು. ಪಟ್ಟಿಯಿಂದ ಹೆಗಲಿಗೂ ಬೆನ್ನಿಗೂ ಸಿಗುವ ಬಿಡುವು ಈ ಕೀಲಿಗೆ ಸಿಗುವುದಿಲ್ಲ.

ಇತಿಹಾಸ

ನಡಿಗೆಯಿಂದ ಮೂಳೆ ಬಿರುಕುಬಿಡಬಹುದೆಂಬ ಅರಿವಿನ ಮೂಲ ಪ್ರಷ್ಯದ ಸೈನ್ಯದಲ್ಲಿದೆ. ಅಲ್ಲಿನ ಸೇನಾವೈದ್ಯ ಬ್ರೈಟ್‌ಹಾಪ್ಟ್ 1855ರಲ್ಲಿ ದೀರ್ಘ ನಡಿಗೆಯ ನಂತರ ಸೈನಿಕರ ಪಾದ ಊದಿ ನೋಯುವುದನ್ನು ವರ್ಣಿಸಿದ. ಅದು ಪಾದದ ಎಲುಬಿನ ಬಿರುಕು ಎಂಬುದು ಎಕ್ಸ್‌ರೇ ಕಿರಣಗಳ ಶೋಧದ ಎರಡು ವರ್ಷಗಳ ನಂತರ, 1897ರಲ್ಲಿ ಸ್ಟೆಖೋ ತೆಗೆದ ಚಿತ್ರಗಳಿಂದ ಖಚಿತವಾಯಿತು. ತೊಡೆಮೂಳೆಯ ಕೊರಳಿನಲ್ಲೂ ಜಘನಾಸ್ಥಿಯಲ್ಲೂ ಇಂಥ ಬಿರುಕುಗಳಾಗುತ್ತವೆ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ತಿಳಿದುಬಂತು. ಸೈನಿಕನ ಮೇಲೆ ಹೇರುವ ಹೊರೆ ಅತಿಯಾಗಿದೆ ಎಂದು ಅಮೆರಿಕದ ಎಸ್.ಎಲ್.ಎ. ಮಾರ್ಷಲ್ 1950ರಲ್ಲಿ ಬರೆದ ಪುಸ್ತಕ ಬಹಳ ಚರ್ಚೆಗೆ ಒಳಗಾಯಿತಾದರೂ, ಆ ನಂತರದ ದಶಕಗಳಲ್ಲಿ ಹೊರೆ ಇಳಿಯಲಿಲ್ಲ. ಸಂಪರ್ಕಸಾಧನ, ಬ್ಯಾಟರಿ, ರಕ್ಷಾಕವಚಗಳು ಕೂಡಿಕೊಂಡು ಏರುತ್ತಲೇ ಬಂದಿದೆ.

ಮೂಳೆಯ ಒತ್ತಡ ಬಿರುಕುಗಳು

ಒತ್ತಡ ಬಿರುಕು ಎಂದರೆ ಒಂದೇ ಹೊಡೆತಕ್ಕಲ್ಲದೆ ಮತ್ತೆ ಮತ್ತೆ ಬೀಳುವ ಒತ್ತಡಕ್ಕೆ ಮೂಳೆಯಲ್ಲಿ ಮೂಡುವ ಸೀಳು. ಮೂಳೆ ನಿರ್ಜೀವ ಕಂಬವಲ್ಲ. ಹೊಸ ಭಾರ ಬಿದ್ದಾಗ ಹಳೆಯ ಅಂಶವನ್ನು ಕರಗಿಸಿ ಹೊಸದನ್ನು ಕಟ್ಟಿಕೊಳ್ಳುತ್ತದೆ. ಆದರೆ ಕರಗಿಸುವ ಕೆಲಸ ಮೂರು ವಾರಗಳಷ್ಟರಲ್ಲಿ ಮುಗಿದರೆ ಕಟ್ಟುವ ಕೆಲಸಕ್ಕೆ ಮೂರು ತಿಂಗಳಷ್ಟು ಬೇಕಾಗುವುದರಿಂದ, ಭಾರದ ಕೆಲಸ ಆರಂಭಿಸಿದ ಕೆಲವು ವಾರಗಳ ನಂತರ ಮೂಳೆ ಮೊದಲಿಗಿಂತ ದುರ್ಬಲವಾಗಿರುವ ಒಂದು ಅವಧಿ ಬರುತ್ತದೆ. ಮೈ ಹೊಂದಿಕೊಂಡಿತು, ಇನ್ನು ಹೊರೆ ಹೆಚ್ಚಿಸಬಹುದು ಎಂದು ತೋರುವ ಹೊತ್ತೂ ಅದೇ ಆಗಿರುವುದು ಹೊಸ ಸೈನಿಕರಲ್ಲಿ ತರಬೇತಿಯ ಮೊದಲ ತಿಂಗಳುಗಳಲ್ಲೇ ಬಿರುಕುಗಳು ಗುಂಪುಗೂಡುವುದಕ್ಕೆ ಕಾರಣ.

ಈ ಬಗೆಯ ಹಾನಿಗಳಲ್ಲೆಲ್ಲ ಅಪಾಯಕರವಾದದ್ದು ತೊಡೆಮೂಳೆಯ ಕೊರಳಿನ ಬಿರುಕು. ಓರೆಯಾಗಿ ಚಾಚಿದ ಕೊರಳು ಭಾರ ಬಿದ್ದಾಗ ಬಾಗುವುದರಿಂದ ಅದರ ಕೆಳಮೈ ಅದುಮಿಕೊಳ್ಳುತ್ತದೆ, ಮೇಲ್ಮೈ ಹಿಗ್ಗುತ್ತದೆ. ಕೆಳಮೈಯ ಬಿರುಕು ಅದುಮುವ ಬಲದಿಂದ ತಾನಾಗಿ ಮುಚ್ಚಿಕೊಂಡಿರುವುದರಿಂದ, ಊರುಗೋಲುಗಳ ನೆರವಿನಿಂದ ಕೆಲವು ವಾರ ಆ ಕಾಲಿಗೆ ಭಾರ ಕೊಡದಿದ್ದರೆ ಬಹುಮಟ್ಟಿಗೆ ಮಾಗುತ್ತದೆ. ಮೇಲ್ಮೈಯ ಬಿರುಕನ್ನಾದರೋ ಪ್ರತಿ ಹೆಜ್ಜೆಯೂ ಹಿಗ್ಗಿಸಿ ಬಾಯಿ ತೆರೆಸುತ್ತದೆ. ಅದು ಪೂರ್ಣ ಮುರಿತವಾಗಿ ಮೂಳೆ ಸರಿದರೆ ತಲೆಗೆ ಹೋಗುವ ರಕ್ತನಾಳಗಳು ಹರಿದು, ತಲೆಯ ಮೂಳೆ ರಕ್ತವಿಲ್ಲದೆ ಸತ್ತು, ಇಪ್ಪತ್ತರ ತರುಣನಿಗೆ ಕೃತಕ ಕೀಲು ಬೇಕಾಗುವ ಸ್ಥಿತಿ ಬರಬಹುದು. ಆದ್ದರಿಂದ ಮೇಲ್ಮೈಯ ಬಿರುಕಿಗೆ ಸಾಮಾನ್ಯವಾಗಿ ಕೂಡಲೇ ತಿರುಪುಮೊಳೆ ಹಾಕಿ ಬಿಗಿಯಲಾಗುತ್ತದೆ. ಆರಂಭದಲ್ಲಿ ಎರಡರ ಲಕ್ಷಣವೂ ಒಂದೇ, ಅಂದರೆ ಭಾರ ಹೊತ್ತು ನಡೆದಾಗ ತೊಡೆಸಂದಿಯಲ್ಲಿ ಏಳುವ ಮತ್ತು ಕೂತಾಗ ಇಳಿಯುವ ಮಂದನೋವು; ಎಕ್ಸ್‌ರೇಯಲ್ಲಿ ಮೊದಲ ವಾರಗಳಲ್ಲಿ ಏನೂ ಕಾಣದಿರುವುದೇ ಹೆಚ್ಚು, ಎಂಆರ್‌ಐ ಪರೀಕ್ಷೆಯಲ್ಲಿ ಮಾತ್ರ ಬೇಗ ಕಾಣುತ್ತದೆ. ಭಾರ ಹೊರುವವನ ತೊಡೆಸಂದಿಯ ನೋವನ್ನು ಎಕ್ಸ್‌ರೇ ಸರಿಯಾಗಿದೆ ಎಂಬ ಒಂದೇ ಕಾರಣಕ್ಕೆ ಸ್ನಾಯುಸೆಳೆತವೆಂದು ತಳ್ಳಿಹಾಕುವುದು ಈ ಕ್ಷೇತ್ರದ ಅತ್ಯಂತ ದುಬಾರಿ ತಪ್ಪು.

ಜಘನಾಸ್ಥಿಯ ಬಿರುಕು ಇಷ್ಟು ಅಪಾಯಕಾರಿಯಲ್ಲದಿದ್ದರೂ ಅದರ ಕಾರಣದ ಶೋಧ ಬೋಧಪ್ರದವಾಗಿದೆ. ಗಂಡಸರ ಜೊತೆ ಸಾಲಾಗಿ ನಡೆಯುವ ಮಹಿಳಾ ಸೈನಿಕರು, ಅದರಲ್ಲೂ ಎತ್ತರ ಕಡಿಮೆಯಿದ್ದವರು, ಹೆಜ್ಜೆ ಕೂಡಿಸಲು ತಮ್ಮ ಸಹಜ ಅಳತೆಗಿಂತ ಉದ್ದನೆಯ ಹೆಜ್ಜೆ ಹಾಕಬೇಕಾಗಿ, ಅಡಕ್ಟರ್ ಸ್ನಾಯುಗಳು ಜಘನಾಸ್ಥಿಯನ್ನು ಪ್ರತಿ ಹೆಜ್ಜೆಗೂ ಜಗ್ಗುತ್ತವೆ. ಆಸ್ಟ್ರೇಲಿಯಾದ ಭೂಸೇನೆಯಲ್ಲಿ ನಡಿಗೆಯ ವೇಗವನ್ನು ಗಂಟೆಗೆ 7.5 ಕಿಲೋಮೀಟರಿನಿಂದ 5ಕ್ಕೆ ಇಳಿಸಿ, ಪ್ರತಿಯೊಬ್ಬರೂ ತಮ್ಮದೇ ಅಳತೆಯ ಹೆಜ್ಜೆ ಹಾಕಲು ಬಿಟ್ಟು, ಸಾಲುಗಳ ನಡುವೆ ಅಂತರ ಹೆಚ್ಚಿಸಿ, ಮೆತ್ತನೆಯ ನೆಲವನ್ನು ಆರಿಸಿದಾಗ ತರಬೇತಿ ಪಡೆಯುವ ಮಹಿಳೆಯರಲ್ಲಿ ಶ್ರೋಣಿಯ ಬಿರುಕುಗಳ ಪ್ರಮಾಣ 11.2%ರಿಂದ 0.6%ಕ್ಕೆ ಇಳಿಯಿತೆಂದು 1999ರಲ್ಲಿ ಪ್ರಕಟವಾದ ವರದಿ ಹೇಳುತ್ತದೆ. ಮದ್ದಿಲ್ಲದೆ, ಯಂತ್ರವಿಲ್ಲದೆ, ಕೇವಲ ಹೆಜ್ಜೆಯನ್ನು ಬಿಟ್ಟುಕೊಟ್ಟು ಗಳಿಸಿದ ಇಂಥ ಫಲಿತಾಂಶ ವೈದ್ಯಸಾಹಿತ್ಯದಲ್ಲಿ ಅಪರೂಪ.

ಸ್ನಾಯು, ಸ್ನಾಯುರಜ್ಜು ಮತ್ತು ನರಗಳ ಹಾನಿ

ತೊಡೆಸಂದಿಯ ನೋವಿಗೆ ದೀರ್ಘಕಾಲ ಒಬ್ಬೊಬ್ಬ ವೈದ್ಯರೂ ಒಂದೊಂದು ಹೆಸರಿಡುತ್ತಿದ್ದುದರಿಂದ, 2014ರಲ್ಲಿ ಕತಾರಿನ ದೋಹಾದಲ್ಲಿ ಸೇರಿದ ತಜ್ಞರು ನೋವಿನ ಮೂಲವನ್ನು ಅಡಕ್ಟರ್ ಸ್ನಾಯು, ಇಲಿಯೋಸೋಯಸ್ ಸ್ನಾಯು, ಹೊಟ್ಟೆಯ ಕೆಳಭಾಗದ ಇಂಗ್ವಿನಲ್ ನಾಳ, ಜಘನಾಸ್ಥಿ ಎಂದು ನಾಲ್ಕಾಗಿ ವಿಂಗಡಿಸಿ, ಸೊಂಟಕೀಲಿನಿಂದಲೇ ಹುಟ್ಟುವ ನೋವನ್ನು ಪ್ರತ್ಯೇಕವಾಗಿಟ್ಟರು. ಈ ವಿಂಗಡಣೆ ಆಟಗಾರರಿಗಾಗಿ ಮಾಡಿದ್ದಾದರೂ ಹೊರೆಯಾಳುಗಳಿಗೂ ಉಪಯುಕ್ತ. ಬೆನ್ನಿನ ಮೇಲೆ ಗಂಟಿರುವಾಗ ದೇಹ ಮುಂದಕ್ಕೆ ಬಾಗಿ, ಏರುದಾರಿಯಲ್ಲಿ ತೊಡೆಯನ್ನು ಮತ್ತೆ ಮತ್ತೆ ಎತ್ತಬೇಕಾಗುವುದರಿಂದ ಇಲಿಯೋಸೋಯಸ್ ದಣಿಯುತ್ತದೆ. ಜಾರುವ ಅಥವಾ ಅಂಕುಡೊಂಕು ನೆಲದಲ್ಲಿ ಕಾಲು ಅಗಲಿಸಿ ನಡೆಯುವಾಗ ಅಡಕ್ಟರ್‌ಗಳಿಗೆ ಕೆಲಸ ಹೆಚ್ಚುತ್ತದೆ. ಚಪ್ಪೆಯ ಹೊರಪಕ್ಕದಲ್ಲಿ ಕೈಗೆ ಸಿಗುವ ಎಲುಬಿನ ಗುಬುಟಿನ ಮೇಲೆ ನೋವಿದ್ದು, ಆ ಮಗ್ಗುಲಿಗೆ ಮಲಗಲಾಗದಿದ್ದರೆ ಗ್ಲೂಟಿಯಸ್ ಸ್ನಾಯುರಜ್ಜುಗಳ ಸವೆತವನ್ನು ಶಂಕಿಸಬೇಕು. ಇದು ನಲವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು.

ತೊಡೆಯ ಹೊರಮೈಯಲ್ಲಿ ಉರಿ, ಜೋಮು ಮತ್ತು ಚುಚ್ಚುವಿಕೆ ಕಾಣಿಸಿಕೊಂಡು, ಬಲ ಮಾತ್ರ ಕುಂದದೆ ಇರುವುದು ಮೆರಾಲ್ಜಿಯಾ ಪ್ಯಾರೆಸ್ಥೆಟಿಕಾ ಎಂಬ ನರಬಾಧೆ. ಚರ್ಮದ ಸ್ಪರ್ಶಜ್ಞಾನಕ್ಕಷ್ಟೇ ಸಂಬಂಧಿಸಿದ ನರವೊಂದು ಶ್ರೋಣಿಯ ಮುಂದುದಿಯ ಬಳಿ ಹೊರಬರುವಲ್ಲಿ ಬಿಗಿಪಟ್ಟಿಯ ಒತ್ತಡಕ್ಕೆ ಸಿಕ್ಕುವುದರಿಂದ ಇದು ಉಂಟಾಗುತ್ತದೆ. 1895ರಲ್ಲಿ ಇದಕ್ಕೆ ಹೆಸರಿಟ್ಟ ರಷ್ಯದ ವೈದ್ಯ ರೋತ್ ಇದನ್ನು ಗಮನಿಸಿದ್ದು ಬಿಗಿಯಾದ ನಡುಪಟ್ಟಿ ಧರಿಸುತ್ತಿದ್ದ ಅಶ್ವಾರೋಹಿ ಸೈನಿಕರಲ್ಲಿ. ಪಟ್ಟಿ ಸಡಿಲಿಸುವುದೇ ಇದಕ್ಕೆ ಮೊದಲ ಚಿಕಿತ್ಸೆ, ಎಷ್ಟೋ ವೇಳೆ ಕೊನೆಯದೂ ಹೌದು.

ಭಾರ ಎತ್ತಿದ್ದರಿಂದಲೇ ಹರ್ನಿಯಾ ಬಂತು ಎಂಬ ನಂಬಿಕೆ ಲೋಕರೂಢಿಯಲ್ಲಿ ಗಟ್ಟಿಯಾಗಿದೆ. ಹೊಟ್ಟೆಯ ಗೋಡೆಯಲ್ಲಿ ಹುಟ್ಟಿನಿಂದಲೇ ಉಳಿದ ಸಂದು ಅಥವಾ ವಯಸ್ಸಿನಿಂದ ಬಂದ ಸಡಿಲಿಕೆ ಇಲ್ಲದೆ ಕೇವಲ ಭಾರದಿಂದ ಹರ್ನಿಯಾ ಆಗುತ್ತದೆಯೇ ಎಂಬುದು ವಿವಾದದ ವಿಷಯ. ವರ್ಷಗಟ್ಟಲೆ ದಿನವಿಡೀ ನಿಂತು ನಡೆದು ಭಾರ ಎತ್ತುವವರಲ್ಲಿ ಒಂದು ಬಗೆಯ ಇಂಗ್ವಿನಲ್ ಹರ್ನಿಯಾ ಹೆಚ್ಚೆಂದು ಡೆನ್ಮಾರ್ಕಿನ ಅಧ್ಯಯನಗಳು ಸೂಚಿಸಿವೆ.

ಕೀಲಿನ ಸವೆತ

ದಶಕಗಳ ಭಾರದ ದುಡಿಮೆ ಕೀಲಿನ ಮೃದ್ವಸ್ಥಿಯನ್ನು ಸವೆಸಿ ಅಸ್ಥಿಸಂಧಿವಾತಕ್ಕೆ ದಾರಿಮಾಡುತ್ತದೆ ಎಂಬುದಕ್ಕೆ ಸಾಕ್ಷ್ಯ ಯುರೋಪಿನಿಂದ ಬಂದದ್ದು. ಇಂಗ್ಲೆಂಡಿನ ಪೀಟರ್ ಕ್ರಾಫ್ಟ್, ಡೇವಿಡ್ ಕಾಗನ್ ಮತ್ತು ಸಂಗಡಿಗರು 1992ರಲ್ಲಿ ಸೊಂಟಕೀಲಿನ ಸವೆತವನ್ನು ರೈತರ ವೃತ್ತಿರೋಗವೆಂದೇ ಕರೆದರು. ಆದರೆ ಈ ಫಲಿತಾಂಶಗಳನ್ನು ಏಷ್ಯಾದ ದುಡಿಮೆಗಾರರಿಗೆ ನೇರವಾಗಿ ಅನ್ವಯಿಸಲಾಗದು, ಏಕೆಂದರೆ ಈ ಕೀಲಿನ ಸವೆತ ಏಷ್ಯಾದ ಜನರಲ್ಲಿ ಒಟ್ಟಾರೆಯಾಗಿಯೇ ವಿರಳ. ಬೀಜಿಂಗಿನ ಹಿರಿಯರಲ್ಲಿ ಅದು ಅಮೆರಿಕದ ಬಿಳಿಯರಿಗಿಂತ 80ರಿಂದ 90% ಕಡಿಮೆಯೆಂದು 2002ರ ಅಧ್ಯಯನ ಕಂಡುಕೊಂಡಿತು. ಕೀಲಿನ ಆಕಾರದ ಭೇದವೇ ಇದಕ್ಕೆ ಕಾರಣವಿರಬಹುದೆಂಬ ವಾದವಿದೆ. ಬಟ್ಟಲಿನ ಅಂಚೋ ಮೂಳೆಯ ಕೊರಳೋ ಉಬ್ಬಿಕೊಂಡಿದ್ದು, ತೊಡೆ ಮಡಿಸಿದಾಗ ಒಂದಕ್ಕೊಂದು ತಾಗಿ ಲೇಬ್ರಮ್ ಹರಿಯುವ ಸ್ಥಿತಿಯನ್ನು ಸ್ವಿಟ್ಜರ್ಲೆಂಡಿನ ರೈನ್‌ಹೋಲ್ಡ್ ಗಾಂಜ್ 2003ರಲ್ಲಿ ಸವೆತದ ಮೂಲವಾಗಿ ಮುಂದಿಟ್ಟ ಮೇಲೆ, ಯಾವ ಕೀಲು ಭಾರವನ್ನು ತಾಳುತ್ತದೆ, ಯಾವುದು ತಾಳದು ಎಂಬ ಪ್ರಶ್ನೆಗೆ ಆಕಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ರೂಢಿಯಾಗಿದೆ.

ರೋಗನಿರ್ಣಯ

ನೋವಿನ ಜಾಗ, ಅದು ಹುಟ್ಟುವ ಸಂದರ್ಭ, ಇತ್ತೀಚೆಗೆ ಹೊರೆಯಲ್ಲೋ ನಡಿಗೆಯಲ್ಲೋ ಆದ ಬದಲಾವಣೆ, ಈ ಮೂರನ್ನು ಕೇಳಿ ತಿಳಿಯುವುದರಲ್ಲೇ ನಿರ್ಣಯದ ಅರ್ಧಭಾಗ ಮುಗಿಯುತ್ತದೆ. ಎರಡು ಮೊಣಕಾಲುಗಳ ನಡುವೆ ಮುಷ್ಟಿಯಿಟ್ಟು ಅದುಮಲು ಹೇಳಿದಾಗ ನೋವೆದ್ದರೆ ಅಡಕ್ಟರ್ ಕಡೆಗೂ, ತೊಡೆ ಮಡಿಸಿ ಒಳಕ್ಕೆ ತಿರುಗಿಸಿದಾಗ ನೋವೆದ್ದರೆ ಕೀಲಿನ ಕಡೆಗೂ ಗಮನ ಹರಿಯುತ್ತದೆ. ಕೀಲಿನ ನೋವು ಮೊಣಕಾಲಿನಲ್ಲಷ್ಟೇ ಕಾಣಿಸಿಕೊಂಡು ದಾರಿ ತಪ್ಪಿಸುವುದೂ ಉಂಟು. ಕ್ಷಯ, ಮದ್ಯ ಅಥವಾ ಸ್ಟೀರಾಯ್ಡ್‌ನಿಂದ ಆಗುವ ಮೂಳೆತಲೆಯ ಸಾವು, ಬೆನ್ನೆಲುಬಿನಿಂದ ಇಳಿದ ನೋವು ಮೊದಲಾದವುಗಳನ್ನು ಬೇರ್ಪಡಿಸದೆ ಭಾರದ ಮೇಲೆ ತಪ್ಪು ಹೊರಿಸಬಾರದು.

ಕರ್ನಾಟಕದಲ್ಲಿ ಇದಕ್ಕೆ ಸ್ಪಷ್ಟ ಉದಾಹರಣೆ ಹಂದಿಗೋಡು ಕಾಯಿಲೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ಈ ಕಾಯಿಲೆ ಸೊಂಟಕೀಲನ್ನು ಚಿಕ್ಕ ವಯಸ್ಸಿನಲ್ಲೇ ಕೆಡಿಸಿ ನಡಿಗೆಯನ್ನು ಕಸಿಯುತ್ತದೆ. ಕಾಯಿಲೆಗೆ ತುತ್ತಾದವರು ಗದ್ದೆಯಲ್ಲಿ ದುಡಿಯುವ ಬಡ ಕೃಷಿಕಾರ್ಮಿಕರೇ ಆಗಿದ್ದುದರಿಂದ ದುಡಿಮೆ, ಅಪೌಷ್ಟಿಕತೆ, ಕೀಟನಾಶಕ ಬೆರೆತ ಗದ್ದೆಯ ಏಡಿ ಎಂದು ಹಲವು ಊಹೆಗಳು ಎದ್ದವು. ಕೊನೆಗೆ ಅದು ವಂಶದಲ್ಲಿ ಇಳಿದು ಬರುವ, ಮೂಳೆಯ ಬೆಳವಣಿಗೆಯ ದೋಷವೆಂದು ಕುಟುಂಬಗಳ ಅಧ್ಯಯನಗಳು ತೋರಿಸಿದವು.

ಚಿಕಿತ್ಸೆ ಮತ್ತು ತಡೆ

ಬಿರುಕು ಇಲ್ಲವೆಂದು ಖಚಿತವಾದ ಮೇಲೆ ಸ್ನಾಯುರಜ್ಜುಗಳ ತೊಂದರೆಗೆ ಪೂರ್ಣ ವಿಶ್ರಾಂತಿ ಮದ್ದಲ್ಲ. ವಿಶ್ರಾಂತಿಯಲ್ಲಿ ನೋವು ಮಾಯವಾಗಿ, ಕೆಲಸಕ್ಕೆ ಮರಳಿದ ವಾರದಲ್ಲಿ ಮತ್ತೆ ಬರುತ್ತದೆ. ಡೆನ್ಮಾರ್ಕಿನ ಪೆರ್ ಹಾಲ್ಮಿಶ್ 1999ರಲ್ಲಿ ದೀರ್ಘಕಾಲದ ಅಡಕ್ಟರ್ ನೋವಿದ್ದ 68 ಆಟಗಾರರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸ್ನಾಯುಬಲದ ಕ್ರಮಬದ್ಧ ಅಭ್ಯಾಸವನ್ನೂ ಇನ್ನೊಂದಕ್ಕೆ ಮಸಾಜು, ಲೇಸರು, ಎಳೆತಗಳನ್ನೂ 8ರಿಂದ 12 ವಾರ ಕೊಟ್ಟಾಗ, ನೋವಿಲ್ಲದೆ ಆಟಕ್ಕೆ ಮರಳಿದವರು ಮೊದಲ ಗುಂಪಿನಲ್ಲಿ 23 ಮಂದಿ, ಎರಡನೆಯದರಲ್ಲಿ 4 ಮಂದಿ. ಚಪ್ಪೆಯ ಹೊರಪಕ್ಕದ ಸ್ನಾಯುರಜ್ಜು ಸವೆತದಲ್ಲೂ ಅಭ್ಯಾಸವೇ ಚುಚ್ಚುಮದ್ದಿಗಿಂತ ಹೆಚ್ಚು ಫಲ ಕೊಟ್ಟಿದೆ.

ತಡೆಯುವ ಕ್ರಮಗಳಲ್ಲಿ ಮೊದಲನೆಯದು ಹೊರೆಯನ್ನು ಏರಿಸುವ ವೇಗ. ತೂಕ, ದೂರ, ನಡಿಗೆಯ ವೇಗ, ಏರು ಇವುಗಳನ್ನು ಒಟ್ಟಿಗೇ ಹೆಚ್ಚಿಸದೆ ಒಂದೊಂದಾಗಿ ಹೆಚ್ಚಿಸಿದರೆ ಮೂಳೆಗೆ ಕಟ್ಟಿಕೊಳ್ಳಲು ಸಮಯ ಸಿಗುತ್ತದೆ. ಇಸ್ರೇಲಿನ ಸೈನ್ಯದಲ್ಲಿ ನಡಿಗೆಯ ಒಟ್ಟು ದೂರವನ್ನು ಕಡಿಮೆ ಮಾಡಿ ದಿನಕ್ಕೆ ಕನಿಷ್ಠ ಆರು ಗಂಟೆಯ ನಿದ್ರೆಯನ್ನು ಕಡ್ಡಾಯಗೊಳಿಸಿದ್ದರಿಂದ ಬಿರುಕುಗಳು ಅರ್ಧಕ್ಕಿಂತ ಹೆಚ್ಚು ತಗ್ಗಿದವು. ಅಮೆರಿಕದ ನೌಕಾಪಡೆಯ ತರಬೇತಿ ಪಡೆಯುವ ಮಹಿಳೆಯರಿಗೆ ದಿನಕ್ಕೆ 2000 ಮಿಲಿಗ್ರಾಂ ಕ್ಯಾಲ್ಸಿಯಂ ಮತ್ತು 800 ಯೂನಿಟ್ ವಿಟಮಿನ್ ಡಿ ಕೊಟ್ಟ ಪ್ರಯೋಗದಲ್ಲಿ ಇಳಿಕೆ ಸುಮಾರು 20%. ದುಡಿಮೆಗೆ ತಕ್ಕ ಆಹಾರವಿಲ್ಲದೆ ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಬೇಗ ಸೋಲುವುದರಿಂದ, ಅವರಲ್ಲಿ ಮೊದಲು ಸರಿಪಡಿಸಬೇಕಾದದ್ದು ಊಟವನ್ನು.

ನೇಪಾಳದ ಹೊರೆಯಾಳುಗಳ ಕ್ರಮ ಈ ಸಂದರ್ಭದಲ್ಲಿ ಗಮನಾರ್ಹ. ನಾಮ್ಚೆ ಬಜಾರಿಗೆ ಹೋಗುವ ದಾರಿಯಲ್ಲಿ ತೂಗಿ ನೋಡಿದಾಗ ಗಂಡಸರು ಸರಾಸರಿ ತಮ್ಮ ದೇಹತೂಕದ 93%ರಷ್ಟನ್ನೂ ಹೆಂಗಸರು 66%ರಷ್ಟನ್ನೂ ಹೊತ್ತಿದ್ದರೆಂದು 2005ರಲ್ಲಿ ವರದಿಯಾಯಿತು. ಡೋಕೊ ಎಂಬ ಬುಟ್ಟಿಯನ್ನು ನಾಮ್ಲೊ ಎಂಬ ಪಟ್ಟಿಯಿಂದ ಹಣೆಗೆ ತೂಗುಹಾಕಿಕೊಳ್ಳುವ ಇವರು ಬಹಳ ನಿಧಾನವಾಗಿ ನಡೆದು, ಪದೇ ಪದೇ ನಿಂತು, ಕೈಯಲ್ಲಿನ ಟೋಕ್ಮಾ ಎಂಬ ಗಿಡ್ಡ ಕೋಲಿನ ಮೇಲೆ ಬುಟ್ಟಿಯನ್ನು ಆನಿಸಿ ನಿಂತಲ್ಲೇ ದಣಿವಾರಿಸಿಕೊಳ್ಳುತ್ತಾರೆ. ಹೊರೆಯನ್ನು ನೆಲಕ್ಕಿಳಿಸಿ ಮತ್ತೆ ಎತ್ತುವ ಕ್ಷಣವೇ ತೊಡೆಸಂದಿಗೆ ಅತಿ ಕಠಿಣವಾದದ್ದರಿಂದ ಅದನ್ನು ತಪ್ಪಿಸುವ ಈ ಉಪಾಯದಲ್ಲಿ ಅನುಭವದ ಜಾಣ್ಮೆಯಿದೆ. ತಮಿಳುನಾಡು ಮತ್ತು ಕೇರಳದ ಹಳೆಯ ದಾರಿಬದಿಗಳಲ್ಲಿ ತಲೆಹೊರೆಯನ್ನು ಸರಿಸಿ ಇಡಲು ಆಳೆತ್ತರಕ್ಕೆ ನಿಲ್ಲಿಸಿದ ಕಲ್ಲಿನ ಕಟ್ಟೆಗಳ ಉದ್ದೇಶವೂ ಇದೇ ಆಗಿತ್ತು.

ಕಾನೂನಿನ ನೆಲೆ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರ ಶಿಫಾರಸಿನಲ್ಲಿ ವಯಸ್ಕ ಪುರುಷನೊಬ್ಬ ಹೊರುವ ಭಾರಕ್ಕೆ 55 ಕಿಲೊ ಮಿತಿಯನ್ನು ಸೂಚಿಸಿತು. ಜರ್ಮನಿ 2021ರಲ್ಲಿ ಸೊಂಟಕೀಲಿನ ಸವೆತವನ್ನು ವೃತ್ತಿರೋಗಗಳ ಪಟ್ಟಿಗೆ ಸೇರಿಸಿದಾಗ ಒಂದು ಸಲದ ತೂಕಕ್ಕೆ ಬದಲಾಗಿ ಜೀವಮಾನದ ಮೊತ್ತವನ್ನು ಅಳತೆಯಾಗಿಟ್ಟಿತು: ಕನಿಷ್ಠ 20 ಕಿಲೊ ತೂಕದ ಹೊರೆಗಳನ್ನು ದಿನಕ್ಕೆ ಹತ್ತು ಸಲವಾದರೂ ನಿರ್ವಹಿಸಿ, ಒಟ್ಟು 9,500 ಟನ್ ತಲುಪಿರಬೇಕು. ದಿನಕ್ಕೆ 50 ಕಿಲೊದ 200 ಚೀಲ ಹೊತ್ತು ಲಾರಿಯ ಹಲಗೆ ಹತ್ತುವ ಹಮಾಲನೊಬ್ಬನ ದುಡಿಮೆ ದಿನಕ್ಕೆ 10 ಟನ್. ವರ್ಷಕ್ಕೆ 250 ದಿನದಂತೆ ಲೆಕ್ಕ ಹಾಕಿದರೆ ಆ ಮೊತ್ತವನ್ನು ಅವನು ನಾಲ್ಕು ವರ್ಷ ತುಂಬುವ ಮೊದಲೇ ಮುಟ್ಟುತ್ತಾನೆ. ಭಾರತದಲ್ಲಿ 1948ರ ಕಾರ್ಖಾನೆ ಕಾಯಿದೆಯ 34ನೆಯ ಕಲಮು ಹಾನಿಯಾಗುವಷ್ಟು ಭಾರವನ್ನು ಯಾರಿಂದಲೂ ಹೊರಿಸಬಾರದೆಂದು ವಿಧಿಸಿತಾದರೂ, ಅದೇ ಕಾಯಿದೆಯ ಮೂರನೆಯ ಅನುಸೂಚಿಯ ರೋಗಗಳ ಪಟ್ಟಿಯಲ್ಲಿ ಸೊಂಟಕೀಲಿನ ಸವೆತ ಸೇರಲಿಲ್ಲ. ಹಮಾಲರು ದುಡಿಯುವ ಮಾರುಕಟ್ಟೆ ಪ್ರಾಂಗಣವಂತೂ ಕಾರ್ಖಾನೆಯ ವ್ಯಾಖ್ಯೆಯಿಂದಲೇ ಹೊರಗೆ. ಅಲ್ಲಿ ಕೂಲಿ ಚೀಲದ ಲೆಕ್ಕದಲ್ಲಿ ಸಿಗುವುದರಿಂದ ನಿಧಾನವಾಗಿ ನಡೆದ ಪ್ರತಿ ಹೆಜ್ಜೆಯ, ನಿಂತು ದಣಿವಾರಿಸಿಕೊಂಡ ಪ್ರತಿ ಗಳಿಗೆಯ ಬೆಲೆಯನ್ನು ಹೊರುವವನೇ ತೆರುತ್ತಾನೆ.